ಸೀಟ್ ಕವರ್ ಹಾಕಿಸಿದ ಮ್ಯಾಲ ಏರ್‌ಬ್ಯಾಗ್ ಲೈಟ್ ಆರವಲ್ದು, ಹಾರ್ನೂ ಒಮ್ಮೊಮ್ಮೆ ಹೊಡಿಯವಲ್ದು

ಉಣಕಲ್_ಹ್ಯಾಚ್:
2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 71,000 ಕಿ.ಮೀ. ಮುಂದ ಎರಡು ಏರ್‌ಬ್ಯಾಗ್, ಸೈಡ್ ಏರ್‌ಬ್ಯಾಗ್ ಇಲ್ಲ. ಹೋದ ವಾರ ಮುಂದಿನ ಎರಡೂ ಸೀಟ್ ಬಿಚ್ಚಿ ಕವರ್ ಹಾಕ್ಯಾರ. ಅವತ್ತಿನಿಂದ ಕೆಂಪು ಏರ್‌ಬ್ಯಾಗ್ ಲೈಟ್ ಹತ್ತಿದ್ದು ಆರವಲ್ದು. ಹಾರ್ನಿನ ತ್ರಾಸು ಅದಕ್ಕೂ ಮೊದಲಿನದು: ಸ್ಟೇರಿಂಗ್ ಪೂರ್ತಿ ಎಡಕ್ಕ ತಿರುಗಿಸಿದ್ರ ಹಾರ್ನ್ ಬಂದ್, ನೆಟ್ಟಗ ಮಾಡಿದ್ರ ಚಾಲೂ. ಬ್ಲೂಟೂತ್ ಒಬಿಡಿ ಡಾಂಗಲ್ (ಗಾಡಿಯ ದೋಷದ ಕೋಡ್ ಓದೂ ಸಣ್ಣ ಸಾಧನ) ಹಚ್ಚಿ ನೋಡಿದ್ರ ‘ಯಾವ ಕೋಡೂ ಇಲ್ಲ’ ಅಂತೈತಿ. ಗ್ಯಾರೇಜಿನವರು ಏರ್‌ಬ್ಯಾಗ್ ಇಸಿಯು (ಏರ್‌ಬ್ಯಾಗ್ ನಡೆಸೂ ಕಂಪ್ಯೂಟರ್) ಹೋಗೇತಿ, ಹೊಸದು ಹಾಕಬೇಕು ಅಂತಾರ. ನನ್ನ ಕಡೆ ಮಲ್ಟಿಮೀಟರ್ ಐತಿ. ಎಲ್ಲಿಂದ ಶುರು ಮಾಡ್ಲಿ?

ಸ್ಪ್ಯಾನರ್_ಹಾವೇರಿ:
ಮೊದಲು ಆ ಮಲ್ಟಿಮೀಟರ್ ವಾಪಸ್ ಡಬ್ಬ್ಯಾಗ ಇಡ್ರಿ. ಏರ್‌ಬ್ಯಾಗ್ ಮಾಡ್ಯೂಲಿಗಾಗಲಿ, ಗಾಡಿ ಬಡದಾಗ ಬೆಲ್ಟ್ ಬಿಗಿ ಎಳಿಯೂ ಪ್ರಿಟೆನ್ಷನರಿಗಾಗಲಿ ಅದರ ಪ್ರೋಬ್ ತಾಗಬಾರದು. ಎರಡರ ಒಳಗೂ ಮದ್ದಿಗೆ ಕಿಡಿ ಹಚ್ಚೂ ಸ್ಕ್ವಿಬ್ ಇರತೈತಿ, ರೆಸಿಸ್ಟೆನ್ಸ್ ಸುಮಾರು 2 ಓಮ್. ಓಮ್ ಅಳಿಯುವಾಗ ಮೀಟರ್ ತನ್ನ ಬ್ಯಾಟರಿಯಿಂದ ಕರೆಂಟ್ ಬಿಡತೈತಿ. ಇಸಿಯು ಕೂಡ ಅದನ್ನೇ ಅಳಿತೈತಿ, ಆದ್ರ ಮದ್ದು ಹತ್ತದಷ್ಟು ಸಣ್ಣ ಕರೆಂಟಿನಾಗ. ನಿಮ್ಮ ಮೀಟರಿಗೆ ಆ ಅಂಕೆ ಇಲ್ಲ.

ಡಾಂಗಲ್ ಸುಳ್ಳು ಹೇಳಿಲ್ಲ, ಅದಕ್ಕ ಕಾಣೂದ ಇಂಜಿನ್ ಅಷ್ಟ. ಏರ್‌ಬ್ಯಾಗ್ ಇಸಿಯು ಜೋಡಿ ಮಾತಾಡಾಕ ಆ ಕಂಪನಿ ಗಾಡಿಯ ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆಯ) ಮೆನು ತೆಗೆಯೂ ಸ್ಕ್ಯಾನರ್ ಬೇಕು. ಗೋಕುಲ ರೋಡ್ ಕಡೆ ವಿಚಾರಿಸಿ, ಕೋಡ್ ಅಷ್ಟ ಓದಿಸಿಕೊಂಡು ಬರ್ರಿ. ಅಳಿಸಾಕ ಬಿಡಬ್ಯಾಡ್ರಿ. ಪರದೆಯ ಫೋಟೋ ತಕ್ಕೊಳ್ರಿ: ಯಾವ ಸರ್ಕ್ಯೂಟ್, ರೆಸಿಸ್ಟೆನ್ಸ್ ಜಾಸ್ತಿಯೋ ಕಡಿಮಿಯೋ, ಈಗಿನ ದೋಷವೋ ಹಳೇದೋ. ಈ ಮೂರು ಗೊತ್ತಾಗೂತನಕ ಇಸಿಯು ಬದಲಿ ಮಾಡೂದು ಕಣ್ಣು ಕಟ್ಟಿಕೊಂಡು ಕಲ್ಲು ಒಗದಂಗ.

ಇನ್ನೊಂದು. ಲೈಟ್ ಹತ್ತೇ ಇದ್ದರ ಇಸಿಯು ಆ ಸರ್ಕ್ಯೂಟನ್ನ, ಕೆಲವು ಗಾಡ್ಯಾಗ ಇಡೀ ವ್ಯವಸ್ಥೆನ, ಬಿಟ್ಟುಬಿಟ್ಟಿರತೈತಿ. ಬಡದಾಗ ಏರ್‌ಬ್ಯಾಗ್ ಬರತೈತಿ ಅಂತ ನಂಬಬ್ಯಾಡ್ರಿ. ಬೆಲ್ಟ್ ಮಾಮೂಲಿನಂಗ ಲಾಕ್ ಆಗತೈತಿ, ಅದನ್ನ ಬಿಡಬ್ಯಾಡ್ರಿ.

ಉಣಕಲ್_ಹ್ಯಾಚ್:
ಓದಿಸಿದೆ. ಎರಡು ಕೋಡ್ ಅದಾವ.
1. ಡ್ರೈವರ್ ಬಕಲ್ ಪ್ರಿಟೆನ್ಷನರ್, ರೆಸಿಸ್ಟೆನ್ಸ್ ಜಾಸ್ತಿ, ಈಗಿನದು.
2. ಡ್ರೈವರ್ ಏರ್‌ಬ್ಯಾಗ್, ರೆಸಿಸ್ಟೆನ್ಸ್ ಜಾಸ್ತಿ, ಹಳೇದು.
ಪ್ರಿಟೆನ್ಷನರಿಗೂ ಏರ್‌ಬ್ಯಾಗ್ ಲೈಟಿಗೂ ಏನ್ರಿ ಸಂಬಂಧ?

ಬೆಟಗೇರಿ_ವೈರಿಂಗ್:
ಎರಡೂ ಒಂದೇ ಇಸಿಯು ಕೈಯಲ್ಲಿವೆ, ಎರಡಕ್ಕೂ ಅದೇ ಲೈಟ್. ಡಿಕ್ಕಿಯಾದ ಸುಮಾರು 15–20 ಮಿಲಿಸೆಕೆಂಡಿನಲ್ಲಿ ಇಸಿಯು ತೀರ್ಮಾನಕ್ಕೆ ಬರುತ್ತದೆ. ಮೊದಲು ಪ್ರಿಟೆನ್ಷನರ್ ಬೆಲ್ಟಿನ ಸಡಿಲು ಎಳೆದುಕೊಳ್ಳುತ್ತದೆ, ಚೀಲ ಸುಮಾರು 30 ಮಿಲಿಸೆಕೆಂಡಿನಲ್ಲಿ ಉಬ್ಬುತ್ತದೆ. ಈ ಕ್ರಮ ಮುಖ್ಯ. ಬೆಲ್ಟ್ ಸಡಿಲವಿದ್ದರೆ ಚೀಲ ಇನ್ನೂ ಉಬ್ಬುತ್ತಿರುವಾಗಲೇ ಮುಖ ಅದರ ಮೇಲೆ ಹೋಗಿ ಬೀಳುತ್ತದೆ. ಪೂರ್ತಿ ಉಬ್ಬಿ, ಹಿಂದಿನ ತೂತುಗಳಿಂದ ಗಾಳಿ ಬಿಡತೊಡಗಿದ ಚೀಲ ಮಾತ್ರ ಮೆತ್ತಗಿರುತ್ತದೆ.

ಪ್ರಿಟೆನ್ಷನರ್ ಎರಡು ಜಾಗದಲ್ಲಿ ಸಿಗುತ್ತದೆ. ಒಂದು, ಬಾಗಿಲ ಪಕ್ಕದ ಕಂಬದ ಬುಡದಲ್ಲಿ, ಬೆಲ್ಟ್ ಸುತ್ತಿಕೊಳ್ಳುವ ರೀಲಿನ ಜೊತೆ. ಅಲ್ಲಿ ಮದ್ದಿನ ಅನಿಲ ಕೊಳವೆಯೊಳಗೆ ಉಕ್ಕಿನ ಗುಂಡುಗಳನ್ನೋ ಹಲ್ಲಿನ ಪಟ್ಟಿಯನ್ನೋ ದೂಡಿ ರೀಲನ್ನು ಹಿಂದಕ್ಕೆ ತಿರುಗಿಸುತ್ತದೆ. ಇನ್ನೊಂದು, ಸೀಟಿನ ಪಕ್ಕದ ಬಕಲಿನಲ್ಲಿ. ಅಲ್ಲಿ ಪಿಸ್ಟನ್ ಒಂದು ಉಕ್ಕಿನ ಕೇಬಲ್ ಜಗ್ಗಿ ಬಕಲನ್ನೇ ಕೆಳಗೆ ಎಳೆಯುತ್ತದೆ. ರೀಲಿನಲ್ಲಿ ತಿರುಚಿಕೊಳ್ಳುವ ಒಂದು ಸರಳೂ ಇರುತ್ತದೆ. ಎಳೆತ ಮಿತಿ ಮೀರಿದಾಗ ಅದು ತಿರುಚಿ ಬೆಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಇಲ್ಲದಿದ್ದರೆ ಪಕ್ಕೆಲುಬು ಉಳಿಯುವುದಿಲ್ಲ. ಒಮ್ಮೆ ಸಿಡಿದ ಪ್ರಿಟೆನ್ಷನರ್ ಮತ್ತೆ ಬಳಕೆಗೆ ಬರುವುದಿಲ್ಲ. ಬಕಲ್ ಪಕ್ಕದ ಸೀಟಿನದಕ್ಕಿಂತ ಗಿಡ್ಡಗಾಗಿದ್ದರೆ ಅಥವಾ ಬೆಲ್ಟ್ ಜಾಮ್ ಆಗಿದ್ದರೆ ಅದು ಸಿಡಿದಿದೆ ಎಂದೇ ಲೆಕ್ಕ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಇದನ್ನು ಕೈಯಿಂದ ಮುಟ್ಟಿ ನೋಡಿ.

ನಿಮ್ಮದರಲ್ಲಿ ಕೋಡ್ ಬಕಲಿನದು, ವೈರ್ ಸೀಟಿನ ಕೆಳಗೆ ಹೋಗುತ್ತದೆ, ಸೀಟ್ ಬಿಚ್ಚಿದ್ದಾರೆ. ಆ ವೈರಿನ ಹಳದಿ ಕನೆಕ್ಟರನ್ನೇ ನೋಡಬೇಕು.

ಬೈಪಾಸ್48:
ಇಷ್ಟೆಲ್ಲಾ ಯಾಕ್ರಿ? 2 ಓಮ್ ರೆಸಿಸ್ಟರ್ ಒಂದು ಸಿಗಿಸಿದ್ರ ಲೈಟ್ ತಾನ ಆರತೈತಿ. 5 ರೂಪಾಯಿ ಕೆಲಸ.

ಬೆಟಗೇರಿ_ವೈರಿಂಗ್:
ಆರುತ್ತದೆ, ನಿಜ. ಇಸಿಯು ಅಳೆಯುವುದು ರೆಸಿಸ್ಟೆನ್ಸ್ ಮಾತ್ರ, ಆ ತುದಿಯಲ್ಲಿ ಮದ್ದಿದೆಯೋ ರೆಸಿಸ್ಟರ್ ಇದೆಯೋ ಅದಕ್ಕೆ ಕಾಣುವುದಿಲ್ಲ. ಡಿಕ್ಕಿಯಾದಾಗ ಅದು ಕರೆಂಟ್ ಬಿಡುತ್ತದೆ, ರೆಸಿಸ್ಟರ್ ಸುಡುತ್ತದೆ, ಬೆಲ್ಟ್ ಸಡಿಲಾಗೇ ಇರುತ್ತದೆ. ಅಪಘಾತದ ಗಾಡಿಗೆ ಹೊಸ ಏರ್‌ಬ್ಯಾಗ್ ಹಾಕದೆ ಮಾರುವವರ ಯುಕ್ತಿ ಇದು. ರೆಸಿಸ್ಟರಿಗೆ ಇಲ್ಲಿ ಒಂದೇ ನ್ಯಾಯವಾದ ಕೆಲಸ: ಗಾಡಿ ಕಡೆಯ ಕನೆಕ್ಟರಿಗೆ ಅದನ್ನು ತಾತ್ಕಾಲಿಕವಾಗಿ ಹಾಕಿ, ಕೋಡ್ ‘ಹಳೇದು’ ಆಗುತ್ತದೆಯೇ ನೋಡುವುದು. ಹಾಗೆ ಆದರೆ ವೈರಿಂಗ್ ಸರಿ ಇದೆ, ದೋಷ ಬಕಲ್ ಕಡೆಗಿದೆ ಎಂದರ್ಥ. ಆಗದಿದ್ದರೆ ದೋಷ ಇಸಿಯು ಮತ್ತು ಕನೆಕ್ಟರ್ ನಡುವೆ. ಆಮೇಲೆ ಅದನ್ನು ಕಿತ್ತು ಹಾಕಬೇಕು.

ಸ್ಪ್ಯಾನರ್_ಹಾವೇರಿ:
ಸೀಟಿನ ಕೆಳಗ ಕೈ ಹಾಕೂ ಮೊದಲು ಮಾಡೂದು:

ಸೀಟನ್ನ ಪೂರ್ತಿ ಹಿಂದ ಸರಿಸಿ, ಕೀ ಬಂದ್ ಮಾಡಿ ತಗೀರಿ. ಬ್ಯಾಟರಿಯ ಮೈನಸ್ ಟರ್ಮಿನಲ್ 10 ನಂಬರ್ ಸ್ಪ್ಯಾನರಿನಿಂದ ಬಿಚ್ಚಿ, ತಾನಾಗಿ ತಾಗದಂಗ ಬಟ್ಟಿ ಸುತ್ತಿ ಬದಿಗಿಡ್ರಿ. ಆಮ್ಯಾಲ 10 ನಿಮಿಷ ಸುಮ್ನ ಕೂಡ್ರಿ. ಗಾಡಿ ಬಡದಾಗ ಬ್ಯಾಟರಿ ಕಡದರೂ ಚೀಲ ಸಿಡೀಲಿ ಅಂತ ಇಸಿಯು ಒಳಗ ಕೆಪಾಸಿಟರ್ ಇಟ್ಟಿರತಾರ. ಕಂಪನಿ ಪುಸ್ತಕದಾಗ ಕೆಲವಕ್ಕ 90 ಸೆಕೆಂಡ್, ಕೆಲವಕ್ಕ 3 ನಿಮಿಷ ಅಂತ ಇರತೈತಿ. 10 ನಿಮಿಷ ಕಾದ್ರ ಯಾರಿಗೂ ನಷ್ಟ ಇಲ್ಲ, ಒಂದು ಚಾ ಆಗತೈತಿ.

ಈಗ ಟಾರ್ಚ್ ಹಾಕಿ ನೋಡ್ರಿ. ಹಳದಿ ಕನೆಕ್ಟರಿಗೆ ಎರಡು ಲಾಕ್: ಒಂದು ಮಾಮೂಲಿ ಕಿವಿ, ಅದರ ಮ್ಯಾಲ ಸರಿಯೂ ಇನ್ನೊಂದು ತುಂಡು. ಎರಡನೇದು ಪೂರ್ತಿ ಕೂಡದಿದ್ರ ಕನೆಕ್ಟರ್ ಕೂತಿಲ್ಲ ಅಂತ ಅರ್ಥ. ಬಿಚ್ಚಿದ ಮ್ಯಾಲ ಒಳಗ ಸಣ್ಣ ತಗಡಿನ ಪಟ್ಟಿ ಕಾಣತೈತಿ, ಅದನ್ನ ಬಗ್ಗಿಸಬ್ಯಾಡ್ರಿ. ಕನೆಕ್ಟರ್ ಬಿಚ್ಚಿದಾಗ ಸ್ಕ್ವಿಬ್ಬಿನ ಎರಡೂ ಪಿನ್ ಕೂಡಿಸಿ ಶಾರ್ಟ್ ಮಾಡೂದು ಅದರ ಕೆಲಸ, ಮೈಯಾಗಿನ ಸ್ಟ್ಯಾಟಿಕ್ ಕರೆಂಟಿಗೆ ಸಿಡಿಯಬಾರದು ಅಂತ. ಇದರಿಂದ ಒಂದು ಸುಳಿವೂ ಸಿಗತೈತಿ: ಕನೆಕ್ಟರ್ ಅರ್ಧ ಕೂತು ಪಟ್ಟಿ ಮ್ಯಾಲೆ ಏಳದಿದ್ರ ‘ರೆಸಿಸ್ಟೆನ್ಸ್ ಕಡಿಮಿ’ ಅಂತ ಕೋಡ್ ಬರತೈತಿ. ನಿಮ್ಮದು ‘ಜಾಸ್ತಿ’. ಅಂದ್ರ ಪಿನ್ ತಾಗವಲ್ದು: ಹಿಂದ ಸರದಿರಬೇಕು, ಬಾಯಿ ಅಗಲಾಗಿರಬೇಕು, ಇಲ್ಲಾ ಹಸರು ಜಂಗು ಹಿಡದಿರಬೇಕು. ಶ್ರಾವಣದ ಜಿಟಿಜಿಟಿ ಮಳ್ಯಾಗ ಹಸಿ ಚಪ್ಪಲಿ, ಹಸಿ ಮ್ಯಾಟ್ ಇದ್ದ ಗಾಡ್ಯಾಗ ಇದು ಭಾಳ.

ಉಣಕಲ್_ಹ್ಯಾಚ್:
ಸಿಕ್ತು. ಗಾಡಿ ಕಡೆಯ ಕನೆಕ್ಟರಿನ ಎರಡು ಪಿನ್‌ನಾಗ ಒಂದು ಸುಮಾರು 2 ಮಿ.ಮೀ. ಹಿಂದ ಸರದೈತಿ, ವೈರ್ ಹಿಡದು ಜಗ್ಗಿದಂಗ ಕಾಣತೈತಿ. ಜಂಗು ಇಲ್ಲ. ಮುಂದ ದೂಡಿ ಕೂಡಿಸಿದ್ರ ನಡೀತೈತೇನ್ರಿ?

ಸ್ಪ್ಯಾನರ್_ಹಾವೇರಿ:
ಹಿಂದಿನಿಂದ ದೂಡ್ರಿ, ‘ಟಿಕ್’ ಅನ್ನಬೇಕು. ಆಮ್ಯಾಲ ವೈರ್ ಹಗೂರಕ ಜಗ್ಗಿ ನೋಡ್ರಿ. ಮತ್ತ ಹಿಂದ ಬಂದ್ರ ಒಳಗಿನ ನಾಲಿಗಿ ಮುರದೈತಿ, ಹೊಸ ಪಿನ್ ಅಥವಾ ಕನೆಕ್ಟರ್ ತುಂಡು ಹಾಕಿಸಬೇಕು. ಬೆಸಿಗಿ ಹಾಕಿ, ಟೇಪ್ ಸುತ್ತಿ ಮುಗಿಸೂ ವೈರ್ ಅಲ್ಲ ಇದು. ಅರ್ಧ ಓಮ್ ಹೆಚ್ಚು ಕಡಿಮಿ ಆದ್ರೂ ಇಲ್ಲಿ ಲೆಕ್ಕಕ್ಕ ಬರತೈತಿ.

ಕೂಡಿಸಿದ ಮ್ಯಾಲ ಎರಡನೇ ಲಾಕ್ ಒತ್ತಿ, ವೈರನ್ನ ಅದರ ಕ್ಲಿಪ್ಪಿಗೆ ಹಾಕ್ರಿ. ಸೀಟನ್ನ ಕೈಯಿಂದ ಪೂರ್ತಿ ಹಿಂದ-ಮುಂದ ಸರಿಸಿ ವೈರ್ ಎಲ್ಲೂ ಬಿಗಿಯಾಗೂದಿಲ್ಲ ಅಂತ ನೋಡ್ರಿ. ಮೈನಸ್ ಹಚ್ಚುವಾಗ ಗಾಡಿಯೊಳಗ ಯಾರೂ ಇರಬಾರದು. ಕೀ ಆನ್ ಮಾಡೂದೂ ಬಾಗಿಲ ಹೊರಗ ನಿಂತು, ಸ್ಟೇರಿಂಗ್ ಮುಂದ ಮುಖ ಬರದಂಗ. ಲೈಟ್ ಹತ್ತಿ 6–7 ಸೆಕೆಂಡಿಗೆ ಆರಬೇಕು. ಹತ್ತೇ ಇಲ್ಲ ಅಂದ್ರ ಅದೂ ದೋಷನ. ಆರದಿದ್ರ ಗಾಬರಿ ಬ್ಯಾಡ: ಕೆಲವು ಗಾಡ್ಯಾಗ ದೋಷ ಸರಿ ಆದ್ರೂ ಸ್ಕ್ಯಾನರಿನಿಂದ ಅಳಿಸೂತನಕ ಲೈಟ್ ಉಳಿತೈತಿ. ಈಗ ಅಳಿಸಬಹುದು.

ಅಂದಹಾಗ, ಪಿನ್ ಸರಿ ಇದ್ದರೂ ಸೀಟ್ ಬಿಚ್ಚಿಟ್ಟಾಗ ಹಾಡು ಹಚ್ಚಾಕ ಅಂತ ಕೀ ಆನ್ ಮಾಡಿದ್ರ ಸಾಕು, ಕೋಡ್ ಕೂತಬಿಡತೈತಿ. ಸೀಟ್ ಕವರಿನವರಿಗೆ ಇದನ್ನ ಮೊದಲ ಹೇಳಬೇಕು.

ಉಣಕಲ್_ಹ್ಯಾಚ್:
‘ಟಿಕ್’ ಅಂತು, ಜಗ್ಗಿದ್ರ ಬರಲಿಲ್ಲ. ಅಳಿಸಿದ ಮ್ಯಾಲ ಲೈಟ್ 6 ಸೆಕೆಂಡಿಗೆ ಆರಿತು. ಆದ್ರ ಪಾರ್ಕಿಂಗಿನಾಗ ಸ್ಟೇರಿಂಗ್ ಪೂರ್ತಿ ಎಡಕ್ಕ ತಿರುಗಿಸಿದ ಕೂಡಲೇ ಮತ್ತ ಹತ್ತಿತು. ಈ ಸಲ ಡ್ರೈವರ್ ಏರ್‌ಬ್ಯಾಗ್ ಕೋಡ್ ಒಂದ.

ಬೆಟಗೇರಿ_ವೈರಿಂಗ್:
ಅದು ಕ್ಲಾಕ್ ಸ್ಪ್ರಿಂಗ್. ಸ್ಟೇರಿಂಗ್ ಹಿಂದಿನ ದುಂಡು ಡಬ್ಬಿಯೊಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಚಪ್ಪಟೆ ರಿಬ್ಬನ್ ಇರುತ್ತದೆ. ಹಾರ್ನ್, ಸ್ಟೇರಿಂಗ್ ಬಟನ್, ಏರ್‌ಬ್ಯಾಗ್, ಮೂರರ ವೈರೂ ಅದರಲ್ಲೇ. ರಿಬ್ಬನ್ ಬಿರುಕು ಬಿಟ್ಟರೆ ಒಂದು ಕಡೆ ತಿರುಗಿಸಿದಾಗ ಬಿಡುತ್ತದೆ, ಇನ್ನೊಂದು ಕಡೆ ಕೂಡುತ್ತದೆ. ಹಾರ್ನ್ ಮೊದಲೇ ಅದನ್ನು ಹೇಳುತ್ತಿತ್ತು. ರಿಪೇರಿ ಇಲ್ಲ, ಬದಲಿಸಬೇಕು.

ಸ್ಟೇರಿಂಗಿನಿಂದ ಏರ್‌ಬ್ಯಾಗ್ ಬಿಚ್ಚುವ ಕೆಲಸವಾದ್ದರಿಂದ ಅನುಭವಸ್ಥರಿಂದ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ಮೂರು ವಿಷಯ ನೋಡಿಕೊಳ್ಳಿ. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲಾಗಿ ಇಡಬೇಕು. ಮಗುಚಿ ಇಟ್ಟಾಗ ಸಿಡಿದರೆ ಇಡೀ ಮಾಡ್ಯೂಲೇ ಚಿಮ್ಮುತ್ತದೆ. ಬಿಚ್ಚುವ ಮೊದಲು ಗಾಲಿಗಳು ನೆಟ್ಟಗಿರಬೇಕು, ಸ್ಟೇರಿಂಗಿಗೂ ಶಾಫ್ಟಿಗೂ ಗುರುತು ಹಾಕಿರಬೇಕು. ಹೊಸ ಕ್ಲಾಕ್ ಸ್ಪ್ರಿಂಗ್ ಒಂದು ಪಿನ್ನಿನಿಂದ ನಡುಮಧ್ಯಕ್ಕೆ ಲಾಕ್ ಆಗಿ ಬರುತ್ತದೆ, ಸ್ಟೇರಿಂಗ್ ಕೂಡಿಸುವವರೆಗೆ ಆ ಪಿನ್ ಕೀಳಬಾರದು. ಪಿನ್ ಮೊದಲೇ ಬಿದ್ದು ಡಬ್ಬಿ ತಿರುಗಿಬಿಟ್ಟಿದ್ದರೆ, ಒಂದು ಕಡೆಗೆ ಹಗುರವಾಗಿ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕೊನೆಯವರೆಗೆ ಸುತ್ತು ಎಣಿಸಿ, ಅದರ ಅರ್ಧಕ್ಕೆ ವಾಪಸ್ ತಂದು ಬಾಣದ ಗುರುತು ಕೂಡಿಸಬೇಕು. ಅಂದಾಜಿನ ಮೇಲೆ ಕೂಡಿಸಿದರೆ ಮೊದಲ ಯೂ-ಟರ್ನಿಗೇ ಹೊಸ ರಿಬ್ಬನ್ ಹರಿಯುತ್ತದೆ.

ಬೈಪಾಸ್48:
ಬೆಲ್ಟ್ ಅಲಾರ್ಮ್ ಬಂದ್ ಮಾಡೂ ಕ್ಲಿಪ್ ಬಕಲಿಗೆ ಹಾಕಿದ್ರೂ ಕೋಡ್ ಬರತೈತೇನ್ರಿ?

ಸ್ಪ್ಯಾನರ್_ಹಾವೇರಿ:
ಕೋಡ್ ಬರೂದಿಲ್ಲ, ಅದ ತ್ರಾಸು. ಬೆಲ್ಟ್ ಹಾಕ್ಯಾರ ಅಂತ ಬಕಲ್ ಸ್ವಿಚ್ ಇಸಿಯುಗ ಸುಳ್ಳು ಹೇಳತೈತಿ. 2023ರಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅವನ್ನ ಆನ್‌ಲೈನ್ ಅಂಗಡಿಗಳಿಂದ ತೆಗಿಸಿತು. ನಿಮ್ಮ ಗಾಡ್ಯಾಗ ಇದ್ರ ಇವತ್ತ ಕಿತ್ತು ಒಗೀರಿ.

ಉಣಕಲ್_ಹ್ಯಾಚ್:
ಕ್ಲಾಕ್ ಸ್ಪ್ರಿಂಗ್ ಆರ್ಡರ್ ಮಾಡೇನಿ, ಗಾಡಿಯ ಚಾಸಿ ನಂಬರ್ ಕೊಟ್ಟ. ಬಟನ್ ಇರೂ ಸ್ಟೇರಿಂಗಿಗೆ ಬ್ಯಾರೆ, ಇಲ್ಲದ್ದಕ್ಕ ಬ್ಯಾರೆ ಅಂತ ಅಂಗಡ್ಯಾಗ ಹೇಳಿದ್ರು. ಬಂದ ಮ್ಯಾಲ ಪಿನ್ ಐತೋ ಇಲ್ಲೋ ನೋಡಿ ತಗೋತೇನಿ.