ಚಿಕ್ಕಪ್ಪ, ಆ ವಿಟಮಿನ್ ಮಾತ್ರೆ ಈಗಲೇ ತರಿಸಬೇಡಿ

ಚಿಕ್ಕಪ್ಪ, ನೀವು ಬೆಳಗ್ಗೆ ಗ್ರೂಪಿಗೆ ಹಾಕಿದ್ದು ಕೇಳಿಸಿಕೊಂಡೆ. ಮುಂದಿನ ತಿಂಗಳು ಮಾವನಿಗೆ ರೇಡಿಯೇಷನ್ ಶುರು, ಬಾಯಿ ಸುಡದ ಹಾಗೆ ವಿಟಮಿನ್ ಇ ಮಾತ್ರೆ ತರಿಸೋಣವಾ ಅಂತ ಕೇಳಿದ್ದೀರಿ. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಡಾಕ್ಟರನ್ನು ಕೇಳದೆ ಬೇಡ. ರೇಡಿಯೇಷನ್ ಕ್ಯಾನ್ಸರ್ ಕಣವನ್ನು ಕೊಲ್ಲುವ ದಾರಿಯನ್ನೇ ಆ ಮಾತ್ರೆ ತಡೆಯಬಹುದು. ಒಳ್ಳೆಯ ಕಣ ಯಾವುದು, ಕೆಟ್ಟದ್ದು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಅಲ್ವಾ? ಕೆನಡಾದಲ್ಲಿ 540 ರೋಗಿಗಳ ಮೇಲೆ ಇದನ್ನೇ ನೋಡಿದ್ದರು, 2005, 2006ರಲ್ಲಿ ಪ್ರಕಟವಾಯಿತು. ಉರಿ ಸ್ವಲ್ಪ ಕಡಿಮೆಯಾದಂತೆ ಕಂಡಿತು ನಿಜ. ಆದರೆ ಮುಂದಿನ ವರ್ಷಗಳಲ್ಲಿ ತೀರಿಕೊಂಡವರು ಮಾತ್ರೆ ನುಂಗಿದವರಲ್ಲೇ ಜಾಸ್ತಿ.

ನಮ್ಮನೆಯವರಿಗೆ ಕೆನ್ನೆಗೆ 30 ಸಲ ರೇಡಿಯೇಷನ್ ಕೊಟ್ಟರು. ವಾರಕ್ಕೆ 5 ದಿನ, 6 ವಾರ. ಒಂದೇ ಸಲ ಕೊಡದೆ ದಿನಾ ಸ್ವಲ್ಪ ಸ್ವಲ್ಪ ಕೊಡುವುದೇ ಒಳ್ಳೆಯ ಕಣಗಳು ಚೇತರಿಸಿಕೊಳ್ಳಲಿ ಅಂತ. ಆದರೆ ನಡುವೆ ಬಿಟ್ಟರೆ ಕ್ಯಾನ್ಸರ್ ಕಣಗಳೂ ಚೇತರಿಸಿಕೊಳ್ಳುತ್ತವೆ, ಅದಕ್ಕೇ ಬೇಸರವಾಯಿತು ಅಂತ ಒಂದು ದಿನವೂ ತಪ್ಪಿಸಬಾರದು. ಮುಖಕ್ಕೆ ಅಚ್ಚು ತೆಗೆದು ಬಲೆಯಂಥ ಮಾಸ್ಕ್ ಮಾಡುತ್ತಾರೆ. ತಲೆ ಅಲುಗಾಡದಿದ್ದರೆ ಕಿವಿ ಹತ್ತಿರದ ಎಂಜಲಿನ ಗ್ರಂಥಿಯನ್ನು ಆದಷ್ಟು ಉಳಿಸಬಹುದು. ಮಾವ ಸೊರಗಿದರೆ ಮಾಸ್ಕ್ ಸಡಿಲವಾಗುತ್ತದೆ, ರೇಡಿಯೇಷನ್ ಬೀಳುವ ಜಾಗದ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಅತ್ತೆ, ಊಟ ಬಿಡಿಸಬೇಡಿ. ಖಾರ, ಹುಳಿ ಬೇಡ. ರಾಗಿ ಗಂಜಿ, ಮೆತ್ತಗಿನ ಮೊಸರನ್ನ, ಬೇಯಿಸಿದ ಮೊಟ್ಟೆ, ಏನು ಇಳಿಯುತ್ತದೋ ಅದು.

ಒಂದು ವಿಷಯ ನನಗೆ ಇನ್ನೂ ನೋಯುತ್ತದೆ. ಹಲ್ಲು ಮೊದಲೇ ತೋರಿಸಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ರೇಡಿಯೇಷನ್ ಆದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆ ಮಾಯದೇ ಹೋಗಬಹುದು. ನಮ್ಮವರು ಅದನ್ನು ಅನುಭವಿಸಿದರು. ಹುಳುಕು ಹಲ್ಲು ತೆಗೆಯುವುದಿದ್ದರೆ ಈಗಲೇ ಆಗಬೇಕು, ಗಾಯ ಮಾಯಲು ಎರಡು ವಾರವಾದರೂ ಬೇಕು.

ಇನ್ನು ಬಾಯಿ ಮುಕ್ಕಳಿಸಲು ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ. ಗಡ್ಡ ತೆಗೆಯಲು ಕುತ್ತಿಗೆಗೆ ಬ್ಲೇಡ್ ತಾಗಿಸಬೇಡಿ. ಮಾವ, ಎಲೆ ಅಡಿಕೆ, ಬೀಡಿ ಇವತ್ತೇ ಬಿಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಶನಿವಾರ ಹಲ್ಲಿನ ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಅತ್ತೆ, 10 ಗಂಟೆಗೆ ರೆಡಿ ಇರಿ. ಮಾವ ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಬ್ಯಾಗಿಗೆ ಹಾಕಿಕೊಳ್ಳಿ.