ಸಹಾಯ ಬೇಕು: ಜಿಎಸ್‌ಎಂ ಮತ್ತು ಸಿಡಿಎಂಎ ಸಾಮರ್ಥ್ಯವನ್ನು ಹೋಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎರಡನೆಯ ತಲೆಮಾರಿನ ಮೊಬೈಲ್ ಜಾಲಗಳಲ್ಲಿ ಪರಸ್ಪರ ಪೈಪೋಟಿಗಿಳಿದಿದ್ದ ಜಿಎಸ್‌ಎಂ ಮತ್ತು ಸಿಡಿಎಂಎ ತಂತ್ರಜ್ಞಾನಗಳ ಬಗ್ಗೆ ವಿದ್ಯಾರ್ಥಿಗಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದು, ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಜಿಎಸ್‌ಎಂನಲ್ಲಿ 200 ಕಿಲೋಹರ್ಟ್ಸ್‌ನ ಒಂದು ವಾಹಕವನ್ನು (ಕರೆಗಳನ್ನು ಹೊರುವ ರೇಡಿಯೊ ತರಂಗಪಟ್ಟಿಯ ಒಂದು ತುಣುಕನ್ನು) 8 ಕಾಲಖಂಡಗಳಾಗಿ, ಅಂದರೆ ಬಳಕೆದಾರರು ಸರದಿಯಂತೆ ಬಳಸುವ ಪುಟ್ಟ ಅವಧಿಗಳಾಗಿ, ಹಂಚಲಾಗುತ್ತದೆ. ಆದ್ದರಿಂದ ಬಳಕೆದಾರರ ಲೆಕ್ಕ ಸುಲಭ. ಆದರೆ ಐಎಸ್-95 ಎಂಬ ಎರಡನೆಯ ತಲೆಮಾರಿನ ಮಾನಕದ ಸಿಡಿಎಂಎಯಲ್ಲಿ 1.25 ಮೆಗಾಹರ್ಟ್ಸ್‌ನ ವಾಹಕವನ್ನು ಎಲ್ಲರೂ ಬೇರೆಬೇರೆ ಸಂಕೇತಗಳೊಂದಿಗೆ ಏಕಕಾಲಕ್ಕೆ ಬಳಸುತ್ತಾರೆ, ನೆರೆಯ ಕೋಶಗಳೂ (ಒಂದೊಂದು ಗೋಪುರದ ವ್ಯಾಪ್ತಿಯ ಪ್ರದೇಶಗಳೂ) ಅದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ, ಮತ್ತು ಗೋಪುರದ ಹತ್ತಿರವಿರುವ ಫೋನು ದೂರದ ಫೋನಿನ ದನಿಯನ್ನು ಮುಳುಗಿಸದಂತೆ ಪ್ರಸಾರ ಶಕ್ತಿಯನ್ನು ಸೆಕೆಂಡಿಗೆ 800 ಬಾರಿ ತಿದ್ದಲಾಗುತ್ತದೆ. (ಈ ಏರ್ಪಾಡು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.) ಇಲ್ಲಿ ಮಿತಿ ಹಾಕುವುದು ಪರಸ್ಪರ ಅಡಚಣೆಯೇ ಹೊರತು ಕಾಲಖಂಡಗಳ ಎಣಿಕೆಯಲ್ಲ.

ಹಾಗಿರುವಾಗ, ಸಮಾನ ಅಗಲದ ತರಂಗಪಟ್ಟಿ ಕೊಟ್ಟರೆ ಯಾವುದು ಹೆಚ್ಚು ಕರೆಗಳನ್ನು ಹೊರುತ್ತದೆ ಎಂಬುದನ್ನು ಪಕ್ಷಪಾತವಿಲ್ಲದೆ ಹೇಗೆ ಲೆಕ್ಕ ಹಾಕಬೇಕು? ಜಿಎಸ್‌ಎಂನ ಆವರ್ತನ ಮರುಬಳಕೆಯ ಅನುಪಾತವನ್ನು (ಎಷ್ಟು ಕೋಶಗಳಿಗೊಮ್ಮೆ ಅದೇ ಆವರ್ತನವನ್ನು ಮತ್ತೆ ಬಳಸಬಹುದು ಎಂಬುದನ್ನು) ಎಷ್ಟೆಂದು ಹಿಡಿಯುವುದು ನ್ಯಾಯ? ಮೂರನೆಯ ತಲೆಮಾರಿಗೆ ಬಂದಾಗ ಜಿಎಸ್‌ಎಂ ಪಾಳಯವೇ 5 ಮೆಗಾಹರ್ಟ್ಸ್‌ನ ಸಂಕೇತ ವಿಭಜನೆಯನ್ನು, ಅಂದರೆ ಸಿಡಿಎಂಎ ವಿಧಾನವನ್ನು, ಒಪ್ಪಿಕೊಂಡಿತು; ನಾಲ್ಕನೆಯ ತಲೆಮಾರಿನ ಎಲ್‌ಟಿಇ ಮತ್ತೆ ಅದನ್ನು ಕೈಬಿಟ್ಟಿತು. ಈ ಎರಡು ತಿರುವುಗಳ ತಾಂತ್ರಿಕ ಕಾರಣಗಳನ್ನೂ ಜಾಲ ವಿನ್ಯಾಸದಲ್ಲಿ ಅನುಭವವುಳ್ಳವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.