ಡ್ವಾರ್ಫ್ ಕೇಮನ್ ಮರಿಗೆ ನಾಲ್ಕಡಿ ತೊಟ್ಟಿ ಸಾಕಾ?

ಹೊಳೆಸಾಲು:
ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಕ್ಯೂವಿಯರ್ ಡ್ವಾರ್ಫ್ ಕೇಮನ್ (ದಕ್ಷಿಣ ಅಮೆರಿಕದ ಗಿಡ್ಡ ಮೊಸಳೆ ಜಾತಿ) ಮರಿಯೊಂದನ್ನು ತರುವ ಯೋಚನೆ ಇದೆ. ಇಲ್ಲೇ ಸಾಕಿದವರ ಬಳಿ ಹುಟ್ಟಿದ ಮರಿ, ಮೂತಿಯಿಂದ ಬಾಲದ ತುದಿವರೆಗೆ 35 ಸೆಂ.ಮೀ. ಅಪಾಯಕಾರಿ ಕಾಡುಪ್ರಾಣಿ ಸಾಕಲು ಬೇಕಾದ ಲೈಸೆನ್ಸಿಗೆ ಇಲ್ಲಿನ ಕೌನ್ಸಿಲಿಗೆ (ಸ್ಥಳೀಯ ಆಡಳಿತ) ಅರ್ಜಿ ಹಾಕಿಯಾಗಿದೆ, ಪಶುವೈದ್ಯರ ತಪಾಸಣೆ ಬಾಕಿ. ಲೈಸೆನ್ಸ್ ಕೈಗೆ ಬರುವ ತನಕ ಮರಿ ಸಾಕಿದವರಲ್ಲೇ ಇರುತ್ತದೆ. 120×60×60 ಸೆಂ.ಮೀ. ಗಾಜಿನ ತೊಟ್ಟಿ ಸಿದ್ಧವಿದೆ. ನೀರು ಎಷ್ಟು ಆಳ ಬಿಡಬೇಕು, ಬಿಸಿ ಎಷ್ಟಿರಬೇಕು, ಏನು ಹಾಕಬೇಕು? ಈ ತೊಟ್ಟಿ ಎಷ್ಟು ದಿನಕ್ಕೆ ಸಾಕಾಗುತ್ತದೆ? ಮೊಸಳೆ ಜಾತಿಯನ್ನು ನಿಜವಾಗಿ ನೋಡಿಕೊಂಡವರು ಹೇಳಿದರೆ ಉಪಕಾರ.

ತೊಟ್ಟಿಮೇಸ್ತ್ರಿ:
ಮೊದಲ ವರ್ಷಕ್ಕೆ ಸಾಕು, ಹೆಚ್ಚೆಂದರೆ ಇನ್ನೂ ಆರೇಳು ತಿಂಗಳು. ಬಾಲ ಮಡಚದೆ ಸಲೀಸಾಗಿ ತಿರುಗಲು ಆಗುತ್ತಿಲ್ಲ ಅಂತ ಕಂಡ ದಿನ ಆ ತೊಟ್ಟಿಯ ಕಥೆ ಮುಗಿಯಿತು.

ಉದ್ದದ ನೂರಕ್ಕೆ 60 ಭಾಗ ನೀರು, 40 ಭಾಗ ಒಣ ನೆಲ ಮಾಡಿ. ನೀರು ಒಂದು ತುದಿಯಲ್ಲಿ 5 ಸೆಂ.ಮೀ.ನಿಂದ ಶುರುವಾಗಿ ಇನ್ನೊಂದು ತುದಿಯಲ್ಲಿ 15ಕ್ಕೆ ಇಳಿಯಲಿ. ಆಳದ ಕಡೆಯೂ ಹಿಂಗಾಲ ಮೇಲೆ ನಿಂತು ಮೂಗು ಹೊರಗಿಡಲು ಆಗಬೇಕು, ಹೆದರಿದರೆ ಪೂರ್ತಿ ಮುಳುಗಲೂ ಆಗಬೇಕು. ತಳಕ್ಕೆ ಜಲ್ಲಿ, ಗಾಜಿನ ಗೋಲಿ ಏನೂ ಬೇಡ. ಮೊಸಳೆಗಳು ಕಲ್ಲು ನುಂಗುವ ಜಾತಿ. ನುಣುಪಾದ ದುಂಡುಕಲ್ಲನ್ನು ಹೊಟ್ಟೆ ತಡೆದುಕೊಳ್ಳುತ್ತದೆ, ಪ್ಲಾಸ್ಟಿಕ್ ಎಲೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಯ ತಳವಾದರೆ ಹೇಲು ತೆಗೆಯುವುದೂ ಸುಲಭ.

ನೀರು 26ರಿಂದ 27 ಡಿಗ್ರಿ. ಮೈ ಕಾಯಿಸುವ ಜಾಗದ ಮೇಲ್ಮೈ 32ರಿಂದ 34. ತಂಪು ಮೂಲೆಯ ಗಾಳಿ 25ರ ಸುಮಾರು. ಈ ಜಾತಿ ಕಾಡಿನ ನೆರಳಿನ ತೊರೆಗಳದ್ದು, ಬೇರೆ ಕೇಮನ್‌ಗಳಿಗಿಂತ ತಂಪು ತಡೆಯುತ್ತದೆ. ಹಾಗಂತ ಊಟ ಹಾಕಿದ ರಾತ್ರಿ ತಣ್ಣಗೆ ಬಿಡಬೇಡಿ, ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ.

ಹೀಟರ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಗಾಜಿನ ಹೀಟರನ್ನು ತೊಟ್ಟಿಯೊಳಗೆ ಬಿಟ್ಟರೆ ಒಂದಲ್ಲ ಒಂದು ದಿನ ಬಾಲದ ಏಟಿಗೆ ಒಡೆಯುತ್ತದೆ, ಇಲ್ಲ ಮರಿ ಅದಕ್ಕೊರಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಕ್ಯಾನಿಸ್ಟರ್ ಫಿಲ್ಟರಿನ (ತೊಟ್ಟಿಯ ಹೊರಗಿಡುವ ಡಬ್ಬಿ ಫಿಲ್ಟರ್) ಹೊರಪೈಪಿಗೆ ಕೂರಿಸುವ ಹೀಟರ್ ತಗೊಳ್ಳಿ, ಪೂರ್ತಿ ಲೈನಿಗೆ ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ನೀವು ಹೇಳಿದ ಅಳತೆಗೆ ನೀರು 65 ಲೀಟರಿನೊಳಗೇ ಬರುತ್ತದೆ, ಆದರೆ ಫಿಲ್ಟರ್ ಮಾತ್ರ 250 ಲೀಟರ್ ಮೀನಿನ ತೊಟ್ಟಿಗೆ ಮಾಡಿದ್ದೇ ಇರಲಿ. ಮಾಂಸ ತಿನ್ನುವ ಪ್ರಾಣಿಯ ಗಲೀಜು ಮೀನಿನದ್ದಕ್ಕೆ ಹೋಲಿಕೆಯೇ ಅಲ್ಲ.

ಯುವಿಬಿ ಟ್ಯೂಬ್ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ) ಮೈ ಕಾಯಿಸುವ ಜಾಗದಿಂದ 30ರಿಂದ 40 ಸೆಂ.ಮೀ. ಮೇಲಿರಲಿ, ನಡುವೆ ಗಾಜು ಬೇಡ, ಗಾಜು ಯುವಿಬಿಯನ್ನು ತಡೆಯುತ್ತದೆ. ಟ್ಯೂಬ್ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಬಿಸಿ ದೀಪಕ್ಕೆ ತಂತಿಯ ಗೂಡು ಕಡ್ಡಾಯ, ಅದು ಹತ್ತಿ ಕಚ್ಚುವುದಿಲ್ಲ ಅಂತ ನಂಬಬೇಡಿ.

ಇನ್ನೊಂದು: ಗಾಜಿನ ಮೂರು ಬದಿಗೂ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಗಾಜು ಅಂತ ತಿಳಿಯದೆ ಮೂತಿ ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಳ್ಳುತ್ತವೆ.

ಕಡಲತಡಿ:
ಮಾರಾಯ್ರೆ, ಮೊದಲು ಅದು ನಿಜಕ್ಕೂ ಡ್ವಾರ್ಫಾ ಅಂತ ನೋಡಿ. ಕಣ್ಣುಗಳ ನಡುವೆ ಕನ್ನಡಕದ ಸೇತುವೆಯ ಹಾಗೆ ಅಡ್ಡ ಏಣು ಇದ್ದರೆ ಅದು ಸ್ಪೆಕ್ಟಕಲ್ಡ್ ಕೇಮನ್, ಗಂಡು ಎರಡು ಮೀಟರ್ ದಾಟುತ್ತದೆ. ಡ್ವಾರ್ಫಿಗೆ ಆ ಏಣು ಇಲ್ಲ. ತಲೆ ನಾಯಿಯದ್ದರ ಹಾಗೆ ಎತ್ತರ, ಮೂತಿ ಗಿಡ್ಡ, ತಲೆಯ ಬಣ್ಣ ಕೆಂಪು ಕಂದು. ಮೂತಿ ಉದ್ದಕ್ಕೆ ಸಪೂರ ಇದ್ದರೆ ಅದರ ದಾಯಾದಿ, ಸ್ಮೂತ್ ಫ್ರಂಟೆಡ್ ಕೇಮನ್, ಅದೂ ಇದಕ್ಕಿಂತ ದೊಡ್ಡದಾಗುತ್ತದೆ.

ಆಹಾರ: ಈ ಅಳತೆಗೆ ವಾರಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಮೈತೂಕದ ನೂರಕ್ಕೆ ಐದರಷ್ಟು. ಅಡುಗೆಮನೆ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ಮರಿಯನ್ನು ತೂಗಿ, ಅಂದಾಜು ಮಾಡಬೇಡಿ. ಕ್ರಿಕೆಟ್ ಹುಳ, ಸಾಕಿದ ಜಿರಲೆ, ಎರೆಹುಳ, ಇಡೀ ಸಣ್ಣ ಮೀನು, ಇಲಿಮರಿ. ತುಂಡಿನ ಅಗಲ ಮರಿಯ ತಲೆಯ ಅಗಲ ಮೀರಬಾರದು. ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಉದುರಿಸಿ. ಬರೀ ಕೋಳಿ ಎದೆಮಾಂಸ, ಬರೀ ದನದ ಮಾಂಸ ಹಾಕಿದರೆ ಕ್ಯಾಲ್ಸಿಯಂ ಸಿಗದೆ ದವಡೆ ರಬ್ಬರಿನ ಹಾಗೆ ಬಾಗುತ್ತದೆ, ಹಲ್ಲು ಹೊರಕ್ಕೆ ವಾಲುತ್ತದೆ, ಬೆನ್ನು ಡೊಂಕಾಗುತ್ತದೆ. ಡೊಂಕಾದದ್ದು ಮತ್ತೆ ನೆಟ್ಟಗಾಗುವುದಿಲ್ಲ.

ಅಂಗಡಿಯ ಗೋಲ್ಡ್‌ಫಿಶ್ ಬೇಡವೇ ಬೇಡ. ಅದರಲ್ಲಿ ಥಯಾಮಿನೇಸ್ ಇದೆ, ವಿಟಮಿನ್ ಬಿ1 ಅನ್ನು ಒಡೆದುಹಾಕುತ್ತದೆ. ಅದನ್ನೇ ಹಾಕುತ್ತಾ ಹೋದರೆ ಮೈ ನಡುಕ, ಮಗುಚಿದರೆ ನೆಟ್ಟಗಾಗಲು ಆಗದಿರುವುದು, ಕೊನೆಗೆ ಸೆಳೆತ.

ತಂದ ಹೊಸದರಲ್ಲಿ ವಾರಗಟ್ಟಲೆ ತಿನ್ನದಿದ್ದರೆ ಗಾಬರಿಯಾಗಿ ಬಾಯಿಗೆ ತುರುಕಬೇಡಿ. ಇದು ಹಗಲೆಲ್ಲ ಪೊಟರೆಯಲ್ಲಿ ಅಡಗುವ ಪ್ರಾಣಿ. ನೀರಿನಲ್ಲಿ ತೇಲುವ ಗಿಡ, ದಂಡೆಯಲ್ಲಿ ಮೈಗೆ ತಾಗುವಷ್ಟು ಇಕ್ಕಟ್ಟಿನ ಮರದ ತೊಗಟೆಯ ಗೂಡು ಕೊಡಿ. ದೀಪ ಆರಿದ ಮೇಲೆ ಆಹಾರ ಇಟ್ಟು ಅಲ್ಲಿಂದ ಹೋಗಿ. ಇಷ್ಟಾದರೂ ತಿನ್ನದೆ ತೂಕ ಇಳಿಯುತ್ತಿದ್ದರೆ ಮಾತ್ರ ಸರೀಸೃಪ ನೋಡುವ ವೈದ್ಯರು.

ಹೊಳೆಸಾಲು:
ಇಬ್ಬರಿಗೂ ಥ್ಯಾಂಕ್ಸ್. ನೀರು ಕೆಡದಿರಲಿ ಅಂತ ಊಟಕ್ಕೆ ಬೇರೆ ಟಬ್ಬಿಗೆ ಹಾಕುವ ಅಭ್ಯಾಸ ಮಾಡಿಸಲಾ? ಮತ್ತೆ, ನಾಲ್ಕೈದು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಬರುವುದಿದೆ. ಜೊತೆಗೆ ತರಲು ಆಗುತ್ತದಾ?

ಕಡಲತಡಿ:
ಟಬ್ ಬೇಡ. ವಾರಕ್ಕೆ ನಾಲ್ಕು ಸಲ ಎತ್ತಿದರೆ ಅದಕ್ಕೆ ನಿಮ್ಮ ಕೈ ಅಂದರೆ ಗಿಡುಗ. ತಿಂದ ಮೇಲೆ ಮತ್ತೆ ಎತ್ತಿದರಂತೂ ಕಕ್ಕುತ್ತದೆ. ತೊಟ್ಟಿಯಲ್ಲೇ ಕೊಡಿ, ಉಳಿದ ತುಂಡನ್ನು ಅರ್ಧ ಗಂಟೆಯಲ್ಲಿ ತೆಗೆಯಿರಿ, ಮರುದಿನ ಮೂರನೇ ಒಂದು ಪಾಲು ನೀರು ಬದಲಿಸಿ. ಆಹಾರ ಕೊಡುವುದು ಕೈಯಿಂದಲ್ಲ, 30 ಸೆಂ.ಮೀ. ಬಿದಿರಿನ ಇಕ್ಕಳದಲ್ಲಿ. ಬೆರಳು ಅಂದರೆ ಊಟ ಅಂತ ಒಮ್ಮೆ ಕಲಿತರೆ ಬಿಡಿಸುವುದು ಕಷ್ಟ. ತೊಟ್ಟಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಆ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬೇಡಿ, ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ) ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಐದು ವರ್ಷದೊಳಗಿನ ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಕಡತಪ್ಪ:
ಬೆಂಗಳೂರಿಗೆ ತರುವುದು ಆಗುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ ಸಾರ್. ಈ ಜಾತಿ ಸೈಟಿಸ್‌ನ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ, ಆ ಕಡೆಯಿಂದ ರಫ್ತು ಪರವಾನಗಿ ಬೇಕು. ಈ ಕಡೆ ಆಮದು ಪರವಾನಗಿ ಬೇಕು, ಸೂಟ್‌ಕೇಸಿನ ಜೊತೆ ಬರುವ ವಸ್ತು ಅಲ್ಲ. 2022ರ ತಿದ್ದುಪಡಿಯ ನಂತರ ಸೈಟಿಸ್ ಪ್ರಾಣಿಗಳು ನಮ್ಮ ವನ್ಯಜೀವಿ ಕಾಯ್ದೆಯ ಅನುಸೂಚಿ 4ಕ್ಕೆ ಬಂದಿವೆ, 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಬೇಕು. ಮೂಲದ ಕಾಗದ ಇಲ್ಲದ ಪ್ರಾಣಿ ಕಸ್ಟಮ್ಸ್ ಪಾಲು.

ಲೆಸ್ಟರಿನ ವಿಷಯಕ್ಕೆ ಬಂದರೆ, ಲೈಸೆನ್ಸ್ ಎರಡು ವರ್ಷಕ್ಕೆ, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಬೇಕೇ ಬೇಕು. ಲೈಸೆನ್ಸಿನಲ್ಲಿ ವಿಳಾಸ ಬರೆದಿರುತ್ತದೆ, ಮನೆ ಬದಲಿಸುವ ಮೊದಲು ಕೌನ್ಸಿಲ್ ಜೊತೆ ಮಾತಾಡಬೇಕು. ಕೊಟ್ಟವರಿಂದ ಎಲ್ಲಿ, ಯಾವಾಗ ಹುಟ್ಟಿದ್ದು ಅಂತ ಬರಹದಲ್ಲಿ ತಗೊಳ್ಳಿ.

ತೊಟ್ಟಿಮೇಸ್ತ್ರಿ:
ಹಾಗಿದ್ದರೆ ನಾಲ್ಕೈದು ವರ್ಷದ ಲೆಕ್ಕವನ್ನು ಈಗಲೇ ಹಾಕಿ. ಗಂಡು 1.5 ಮೀಟರ್ ಆಸುಪಾಸು, ಹೆಣ್ಣು 1.2. ಆಯಸ್ಸು ಮೂವತ್ತು ವರ್ಷದ ಮಾತು. 1.5 ಮೀಟರ್ ಪ್ರಾಣಿಗೆ 2.5×2 ಮೀಟರ್ ಕೊಳ, 60 ಸೆಂ.ಮೀ. ಆಳ ಅಂದುಕೊಂಡರೂ 3,000 ಲೀಟರ್, ಅಂದರೆ ಬರೀ ನೀರೇ ಮೂರು ಟನ್. ಮಹಡಿ ಮೇಲೆ ಕಟ್ಟುವ ಮಾತೇ ಇಲ್ಲ, ನೆಲಮಹಡಿಯಲ್ಲಿ ಕಾಂಕ್ರೀಟ್ ನೆಲವೇ ಬೇಕು. ಅಷ್ಟು ನೀರನ್ನು ಇಂಗ್ಲೆಂಡಿನ ಜನವರಿಯಲ್ಲಿ 26 ಡಿಗ್ರಿಯಲ್ಲಿ ಇಡುವ ಕರೆಂಟ್ ಬಿಲ್ಲನ್ನು ಈಗಿನ ಯೂನಿಟ್ ದರದಲ್ಲಿ ಲೆಕ್ಕ ಹಾಕಿ. ವಾಪಸ್ ಹೋಗುವಾಗ ಯಾರು ಇಟ್ಟುಕೊಳ್ಳುತ್ತಾರೆ ಅಂತ, ಲೈಸೆನ್ಸ್ ಇರುವ ಒಬ್ಬರಿಂದ ಮರಿ ತರುವ ಮೊದಲೇ ಬರೆಸಿಕೊಳ್ಳಿ. ದೊಡ್ಡದಾದ ಮೊಸಳೆಯನ್ನು ಮೃಗಾಲಯಗಳು ಕೈಚಾಚಿ ತಗೊಳ್ಳುತ್ತವೆ ಅಂತ ನಂಬಿ ಕೂರಬೇಡಿ.